ದಲ್ಲಾಳಿ ಫಕ್ಕೀರಪ್ಪನ ಮಗಳು

“ಮಮ್ಮಾ, ಶಾಂತಾ ಬಾ ಚೋರ್ ಇದಾರಾ?”

ಮಂಥನ್ ಶಾಲೆಯ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದ. ನಿಶ್ಚಿತಾ ಚಪಾತಿ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಮಗನ ಕನ್ನಡದೊಳಗೆ ಹಿಂದಿ ನುಗ್ಗುವುದು, ಇಲ್ಲಿಯವರ ಹಾಗೆ ಅಜ್ಜಿಯಂಥವರನ್ನು ‘ಬಾ’ ಎನ್ನುವುದು ಹೊಸದಲ್ಲ, ಆದರೆ ಕೆಳಗಿನ ಮನೆಯ ಶಾಂತಾ ಟೀಚರ್ ಬಗ್ಗೆ ಇಂಥ ಮಾತು ಹೊಸದು. ಯಾಕೋ ಹಾಗಂತೀಯಾ ಎಂದದ್ದಕ್ಕೆ ಅವನು ಅವಳ ದುಪಟ್ಟಾ ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋಗಿ ಕೆಳಗೆ ಬೆರಳು ಮಾಡಿದ. ಅಂಗಳದ ತಂತಿಯ ಮೇಲೆ, ಟೀಚರ್ ಗಂಡ ಉಮಾಕಾಂತರ ಎರಡು ಬನಿಯನ್ನುಗಳ ನಡುವೆ, ಐನೂರರ ನೋಟುಗಳು ಸಾಲಾಗಿ ಕ್ಲಿಪ್ಪು ಹಾಕಿಸಿಕೊಂಡು ಒಣಗುತ್ತಿದ್ದವು.

“ಪೂರಾ ಬಕೆಟ್ ಪೈಸೆ ಇತ್ತು. ಸಾಬೂನ್ ಹಾಕಿ ವಾಶ್ ಮಾಡಿದ್ರು. ನಾನೇ ನೋಡಿದೆ,” ಎಂದ ಮಂಥನ್. ಸಾಕ್ಷಿ ಹೇಳುವವನ ಗತ್ತು ಅವನ ಮುಖದಲ್ಲಿತ್ತು.

ನಿಶ್ಚಿತಾಗೆ ನಗು ತಡೆಯಲಾಗಲಿಲ್ಲ. ಅವು ಮೂಲೆಯಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುವ, ಮಕ್ಕಳಾಟದ ನೋಟುಗಳು. ಇವತ್ತು ಟೀಚರ್ ನಡೆಸುವ ಇಂಗ್ಲಿಷ್ ಕ್ಲಾಸಿನಲ್ಲಿ ‘ಮನಿ ಲಾಂಡರಿಂಗ್’ ಪಾಠ ಇದೆ ಎಂದು ಅವಳಿಗೆ ಅರ್ಥವಾಯಿತು. ಮಗನಿಗೆ ಅರ್ಥ ಮಾಡಿಸುವುದು ಮಾತಿನಲ್ಲಿ ಆಗುವ ಕೆಲಸವಲ್ಲ. ಕೈ ತೊಳೆದು, ಸಂಜೆ ನಿನಗೇ ತೋರಿಸುತ್ತೇನೆ ಬಾ ಎಂದಳು.

ಗಂಡ ಆದರ್ಶನಿಗೆ ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿ, ದಾವಣಗೆರೆಯಿಂದ ಸಾಮಾನು ಕಟ್ಟಿಕೊಂಡು ಕತಾರ್‌ಗಾಮಿನ ಈ ಅಪಾರ್ಟ್‌ಮೆಂಟಿಗೆ ಬಂದ ದಿನ, ಲಿಫ್ಟಿನ ಮುಂದೆ ನಿಂತ ನಿಶ್ಚಿತಾಳ ಬೆನ್ನ ಹಿಂದೆ ಯಾರೋ “ಯಾವೂರ್ರಿ ನಿಮ್ದು?” ಅಂದಿದ್ದರು. ಹೊಸ ಊರಿನಲ್ಲಿ ಆ ಒಂದು ಮಾತು ಅವಳಿಗೆ ತಣ್ಣೀರು ಕುಡಿದಷ್ಟು ಹಿತವಾಗಿತ್ತು. ಅವರೇ ಶಾಂತಾ ಟೀಚರ್. ಊರು ಹಾವೇರಿ. ಗಂಡನ ವಿಮಾ ಕಚೇರಿಯ ನೌಕರಿಗಾಗಿ, ಮೂರು ವರ್ಷ ಇದ್ದು ಹೋಗೋಣ ಎಂದು ಬಂದವರು, ಕೂದಲು ಬೆಳ್ಳಗಾಗುವ ತನಕ ಇಲ್ಲೇ ಉಳಿದುಬಿಟ್ಟರು. ಮಗಳು ವಡೋದರಾದಲ್ಲಿ ರೈಲ್ವೆ ನೌಕರಿಯಲ್ಲಿದ್ದಾಳೆ. ಉಮಾಕಾಂತರು ನಿವೃತ್ತರಾದ ಮೇಲೂ ಗಂಡಹೆಂಡತಿ ಊರಿಗೆ ಮರಳದಿರಲು ಕಾರಣ ಈ ಕ್ಲಾಸು.

ಅದು ಶುರುವಾದದ್ದು ಒಬ್ಬ ನೆರೆಯಾಕೆಯಿಂದ. ವಜ್ರದ ಕಾರ್ಖಾನೆಯಲ್ಲಿ ಕಲ್ಲು ವಿಂಗಡಿಸುತ್ತಿದ್ದ ಆಕೆಗೆ ಮಗುವಿನ ಶಾಲೆಯವರು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದು ಓದಲು ಬರುತ್ತಿರಲಿಲ್ಲ. ಆಕೆ ಕಲಿತಳು, ಅಕ್ಕಪಕ್ಕದವರನ್ನು ಕರೆತಂದಳು. ಹಾಗೆ ಬೆಳೆಯುತ್ತ ಬೆಳೆಯುತ್ತ ಶಾಂತಾ ಅವರ ಮುಂದಿನ ಕೋಣೆಯ ಜಮಖಾನೆಯ ಮೇಲೆ ಕತಾರ್‌ಗಾಮಿನ ಅರ್ಧ ಓಣಿ ಕೂತು ಎದ್ದಿದೆ. ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಕೈ ಮುಟ್ಟಿದ್ದು ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ‘ಕುಕ್ ದ ಬುಕ್ಸ್’ ಅಂದರೆ ಸುಳ್ಳು ಲೆಕ್ಕ ಬರೆಯುವುದು ಎಂದು ಬಾಯಲ್ಲಿ ಹೇಳಿ ಮುಗಿಸುವವರಲ್ಲ, ಹಳೇ ಡೈರಿಯನ್ನೇ ಬಾಣಲೆಗೆ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟವರು. ಆ ಬಾಣಲೆಯಲ್ಲಿ ಆಮೇಲೆ ಯಾವ ಪಲ್ಯ ಮಾಡಿದರೂ ರಟ್ಟಿನ ವಾಸನೆ ಬರುತ್ತದೆಂಬುದು ಉಮಾಕಾಂತರ ದೂರು.

ಈ ಕಳ್ಳ ವ್ಯವಹಾರದ ನುಡಿಗಟ್ಟುಗಳನ್ನೇ ಪಾಠ ಮಾಡಿ ಎಂದು ಕೇಳಿದವರು ಕುರ್ಜಿಭಾಯಿ. ಅರವತ್ತು ದಾಟಿದ ವಜ್ರದ ದಲಾಲರು. ಕಾಠಿಯಾವಾಡದ ಹಳ್ಳಿಯಿಂದ ಹುಡುಗನಾಗಿದ್ದಾಗ ಬಂದು, ಮೊದಲು ಸಾಣೆಗೆ ಕೂತು, ಆಮೇಲೆ ದಲಾಲಿ ಹಿಡಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಕಿಸೆಯಲ್ಲಿ ಇಸ್ತ್ರಿ ಮಾಡಿದ ದೊಡ್ಡ ಕರವಸ್ತ್ರ. ದೀಪಾವಳಿಯಾದ ಮೇಲೆ ವಿದೇಶದಿಂದ ಖರೀದಿದಾರರು ಬರುವವರಿದ್ದರು. ಈ ಸಲ ಅಳಿಯನನ್ನು ನಡುವೆ ಕೂರಿಸಿಕೊಳ್ಳದೆ ತಾವೇ ಮಾತಾಡಬೇಕೆಂಬುದು ಅವರ ಹಟ. ಅವರೊಬ್ಬರು ಸೇರಿದ್ದೇ ತಡ, ಅವರ ಹಿಂದೆ ಬಜಾರಿನ ಒಂದು ದಂಡೇ ಬಂದು ಸೇರಿತ್ತು. ಹೊರದೇಶದವರು ನಮ್ಮ ಮುಖದ ಮೇಲೇ ಏನೋ ಅನ್ನುತ್ತಾರೆ, ಬೈದದ್ದು ತಿಳಿಯದೆ ಥ್ಯಾಂಕ್ಯೂ ಹೇಳಿ ಬರುವ ಹಾಗಾಗಬಾರದು ಎಂದು ಕುರ್ಜಿಭಾಯಿ ಅಂದಾಗ ಟೀಚರಿಗೆ ಅದು ಸರಿಯೆನಿಸಿತ್ತು.

ಸಂಜೆ ನಿಶ್ಚಿತಾ ಮಗನನ್ನು ಕರೆದುಕೊಂಡು ಹೋಗಿ ಜಮಖಾನೆಯ ಹಿಂದಿನ ಸಾಲಿನಲ್ಲಿ ಕೂತಳು. ಒಗೆದ ನೋಟುಗಳು ಕೈಯಿಂದ ಕೈಗೆ ಹೋದವು. ಕೊಳೆ ದುಡ್ಡನ್ನು ಒಳ್ಳೆ ದುಡ್ಡಿನ ಹಾಗೆ ಕಾಣಿಸುವುದೇ ಲಾಂಡರಿಂಗ್ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಆಮೇಲೆ ತುಪ್ಪದ ಬಟ್ಟಲು ಬಂತು. ಕಲ್ಲು ವಿಂಗಡಿಸುವ ಜಾಗೃತಿ ಎಂಬ ಹುಡುಗಿಯ ಅಂಗೈಗೆ ತುಪ್ಪ ಹಚ್ಚಿ, ‘ಗ್ರೀಸ್ ದ ಪಾಮ್’ ಎಂದರೆ ಇದು, ಲಂಚ ಎಂದರು ಟೀಚರ್. ನಮ್ಮ ಕಡೆ ಕೈ ಬಿಸಿ ಮಾಡುತ್ತಾರೆ, ನಿಮ್ಮ ಕಡೆ ಕಿಸೆ ಬಿಸಿ ಮಾಡುತ್ತಾರೆ, ಇಂಗ್ಲಿಷರು ತುಪ್ಪ ಸವರುತ್ತಾರೆ ಅಂದಾಗ, ಜಾಗೃತಿ ಆ ಅಂಗೈಯನ್ನು ಮೂಸಿ, ಇಷ್ಟು ಒಳ್ಳೆ ತುಪ್ಪವಾದರೆ ಯಾರು ಬೇಡ ಅಂತಾರೆ ಅಂದಳು. ಕೋಣೆಯೆಲ್ಲ ನಕ್ಕಿತು. ಮಂಥನ್ ಎಲ್ಲರಿಗಿಂತ ಜೋರಾಗಿ ನಕ್ಕ.

ಕೊನೆಗೆ ‘ಅಂಡರ್ ದ ಟೇಬಲ್’. ಆ ಮನೆಯಲ್ಲಿ ಊಟವೂ ಪಾಠವೂ ನೆಲದ ಮೇಲೆಯೇ, ಟೇಬಲ್ ಎಂಬುದಿಲ್ಲ. ಹಾಗಾಗಿ ಟೀಚರ್ ಎಷ್ಟೋ ವರ್ಷಗಳಿಂದ ಅದನ್ನು ಬೇರೆ ಥರ ಮಾಡಿ ತೋರಿಸುತ್ತಿದ್ದರು. ಗಂಡನ ಟವೆಲ್ ಎಳೆದುಕೊಂಡು, ಜಾಗೃತಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮೇಲೆ ಟವೆಲ್ ಹೊದಿಸಿದರು. ಕೆಳಗೆ ಬೆರಳುಗಳನ್ನು ಒತ್ತುತ್ತ, ಕಣ್ಣನ್ನು ಅತ್ತಿತ್ತ ಹೊರಳಿಸಿ ಕಳ್ಳಬೆಕ್ಕಿನ ಮುಖ ಮಾಡಿದರು. ನಮ್ಮೂರ ದನದ ಸಂತೆಯಲ್ಲಿ ದಲ್ಲಾಳಿಗಳು ಹೀಗೇ ಬಟ್ಟೆ ಮುಚ್ಚಿ ವ್ಯವಹಾರ ಮಾಡುತ್ತಾರೆ, ಅಕ್ಕಪಕ್ಕದವರಿಗೆ ಗುಟ್ಟು ಬಿಡುವುದಿಲ್ಲ, ಅದೇ ಅಂಡರ್ ದ ಟೇಬಲ್, ಕಳ್ಳ ವ್ಯವಹಾರ ಎಂದರು. ಮಕ್ಕಳ ಮುಂದೆ, ಹೆಂಗಸರ ಮುಂದೆ ಇದನ್ನು ಮಾಡಿದಾಗಲೆಲ್ಲ ನಗು ಉಕ್ಕಿತ್ತು. ಈ ಸಲ ಕೋಣೆಯ ಅರ್ಧಭಾಗ ಸುಮ್ಮನಿತ್ತು. ಟೀಚರ್ ತಲೆ ಎತ್ತಿ ನೋಡಿದಾಗ ಕುರ್ಜಿಭಾಯಿ ಎದ್ದು ನಿಂತಿದ್ದರು.

“ಮೇಡಮ್, ಬೆಳಿಗ್ಗೆ ನಾನು ಇದೇ ಕೆಲಸ ಮಾಡಿ ಬಂದೆ,” ಎಂದರು ಹಿಂದಿಯಲ್ಲಿ, ದನಿ ಏರಿಸದೆ. “ಇದೇ ಕೈ, ಇದೇ ಕರವಸ್ತ್ರ. ನನ್ನ ಮನೆಯ ಅನ್ನ ಇದು.”

ಕಿಸೆಯ ಕರವಸ್ತ್ರವನ್ನು ಒಮ್ಮೆ ಮುಟ್ಟಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಬಜಾರಿನವರೆಲ್ಲ ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟವೆಲ್ಲಿನ ಕೆಳಗೆ ಜಾಗೃತಿಯ ಕೈ ಹಿಡಿದದ್ದು ಹಿಡಿದ ಹಾಗೇ ಟೀಚರ್ ಕೂತಿದ್ದರು.

ಆಮೇಲಿನ ಪಾಠಕ್ಕೆ ಜಮಖಾನೆಯ ಮುಕ್ಕಾಲು ಪಾಲು ಖಾಲಿ. ನಿಶ್ಚಿತಾ ಮನೆಯ ಮೆಂತ್ಯದ ಕಡುಬು ಕೊಡುವ ನೆಪದಲ್ಲಿ ಕೆಳಗಿಳಿದು ಹೋದಾಗ ಶಾಂತಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಅವಳು ಸಮಾಧಾನ ಹೇಳಹೋದರೆ ಅವರು ಕೈ ಅಡ್ಡ ಮಾಡಿದರು.

“ಕ್ಲಾಸು ಮುಚ್ಚಿದ್ರ ಮುಚ್ಚಲಿ ಬಿಡ್ರಿ. ಮರ್ಯಾದಸ್ತ ಮನುಷ್ಯಾನ್ನ ಕರದು ಕೂರಿಸಿ ಕಳ್ಳ ಅಂದಂಗಾತು. ಅದಕ್ಕೇನ್ ಮಾಡ್ಲಿ?” ಎಂದರು. ಆಮೇಲೆ ನಿಶ್ಚಿತಾಳ ಕಡೆ ನೋಡದೆ ಅಂದರು, “ನಮ್ಮಪ್ಪನೂ ಅದ ಕೆಲಸದಾಂವ.”

ಅವತ್ತು ನಿಶ್ಚಿತಾ ಒಲೆಯ ಮೇಲೆ ಬೇಳೆಯಿಟ್ಟು ಬಂದದ್ದನ್ನು ಮರೆತೇಬಿಟ್ಟಳು.

ಶಾಂತಾ ಅವರ ತಂದೆ ಫಕ್ಕೀರಪ್ಪ ಹಾವೇರಿ ದನದ ಮಾರುಕಟ್ಟೆಯಲ್ಲಿ ಹೆಸರಾದ ದಲ್ಲಾಳಿ. ಹೋರಿಯ ಹಲ್ಲು ನೋಡಿ, ಬೆನ್ನ ಮೇಲೆ ಕೈಯಾಡಿಸಿ, ಹೆಗಲ ಟವೆಲ್ ಕೊಡವಿ ಮುಂದೆ ಚಾಚಿದರೆ ಅದರೊಳಗೆ ಕೊಳ್ಳುವವನ ಕೈ ಬರುತ್ತಿತ್ತು. ಮೇಲೆ ಮಾತಿಲ್ಲ, ಕೆಳಗೆ ಬೆರಳೇ ಮಾತು. ಒಂದು ಬೆರಳು ಹಿಡಿದರೆ ಒಂದು, ಮುಷ್ಟಿ ಹಿಡಿದರೆ ಐದು. ಸಣ್ಣ ಶಾಂತಾ ರಾತ್ರಿಯೂಟಕ್ಕೆ ಮುಂಚೆ ಅಪ್ಪನ ಟವೆಲ್ಲಿನೊಳಗೆ ಕೈ ತೂರಿಸಿ ಲೆಕ್ಕ ಕಲಿತವಳು. ಶಾಲೆಯ ಮಗ್ಗಿಗಿಂತ ಮೊದಲು ಅವಳಿಗೆ ಬಂದದ್ದು ಈ ಬೆರಳಿನ ಮಗ್ಗಿ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ದಿನ ‘ಅಂಡರ್ ದ ಟೇಬಲ್’ ಎಂಬ ಮಾತನ್ನು ವಿವರಿಸುತ್ತ, ನಮ್ಮ ಸಂತೆಯ ದಲ್ಲಾಳಿಗಳು ಟವೆಲ್ ಕೆಳಗೆ ಮಾಡುತ್ತಾರಲ್ಲ, ಹಂಗ ಅಂದರು. ಇಡೀ ಕ್ಲಾಸು ತಿರುಗಿ ಶಾಂತಾಳನ್ನು ನೋಡಿತು. ಮೇಷ್ಟ್ರಿಗೆ ಅವಳು ಯಾರ ಮಗಳೆಂದು ಗೊತ್ತಿತ್ತೋ ಇಲ್ಲವೋ. ಅವತ್ತಿನಿಂದ ಅವಳು ಮಾರುಕಟ್ಟೆಯ ದಾರಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋದಳು, ಟವೆಲ್ಲಿನೊಳಗೆ ಮತ್ತೆ ಕೈಯಿಡಲಿಲ್ಲ. ಅಪ್ಪನ ಉದ್ಯೋಗ ಕೇಳಿದವರಿಗೆಲ್ಲ ವ್ಯಾಪಾರ ಎಂದಳು. ಇಂಗ್ಲಿಷನ್ನು ಮಾತ್ರ ಹಟ ಹಿಡಿದು ಕಲಿತಳು, ಮತ್ತೆ ಯಾರೂ ತನ್ನನ್ನು ಹಾಗೆ ತಿರುಗಿ ನೋಡದ ಹಾಗೆ. ಆದರೆ ಆ ಮಾತು ಮೊದಲ ಸಲ ತಲೆಗೆ ಹೇಗೆ ಹೊಕ್ಕಿತ್ತೋ ಹಾಗೇ ಉಳಿದಿತ್ತು. ತಾನು ಪಾಠ ಹೇಳುವ ಕಾಲ ಬಂದಾಗ ಯೋಚನೆಯನ್ನೇ ಮಾಡದೆ ಟವೆಲ್ ಎಳೆದುಕೊಂಡಿದ್ದಳು.

ಒಳಗಿನಿಂದ ಚಹಾ ತಂದ ಉಮಾಕಾಂತರು ಕಪ್ಪುಬಸಿಗಳನ್ನು ನೆಲದ ಮೇಲಿಟ್ಟು, ಮಾವ ಸೂರತ್ತಿಗೆ ಬಂದದ್ದು ನೆನಪಿದೆಯಾ ಎಂದು ಹೆಂಡತಿಯನ್ನು ಕೇಳಿದರು. ಒಂದೇ ಸಲ ಬಂದಿದ್ದರಂತೆ. ನೆರೆಯವರು ನಿಮ್ಮ ಕೆಲಸವೇನು ಎಂದಾಗ ಫಕ್ಕೀರಪ್ಪ ಮಗಳ ಮುಖ ನೋಡಿ, ಒಕ್ಕಲುತನ ಅಂದುಬಿಟ್ಟಿದ್ದರು. ಮರುದಿನ ಉಮಾಕಾಂತರು ಅವರನ್ನು ಮಹಿಧರಪುರದ ವಜ್ರದ ಬೀದಿಗೆ ಕರೆದೊಯ್ದರು. ಅಲ್ಲಿ ಇಬ್ಬರು ದಲಾಲರು ಕರವಸ್ತ್ರದ ಕೆಳಗೆ ಕೈ ಹಿಡಿದು ನಿಂತದ್ದನ್ನು ಕಂಡು ಮಾವ ನಡೆಯುವುದನ್ನೇ ನಿಲ್ಲಿಸಿದರು. ಎಷ್ಟು ಕರೆದರೂ ಬರಲಿಲ್ಲ, ಮಕ್ಕಳು ಬೊಂಬೆಯಾಟ ನೋಡುವ ಹಾಗೆ ನೋಡುತ್ತ ನಿಂತರು. ಮನೆಗೆ ಬಂದು ಕೈಕಾಲು ತೊಳೆಯುತ್ತ, ಇಲ್ಲೂ ನಮ್ಮ ಮಂದಿ ಅದಾರವ್ವ ಶಾಂತಾ ಎಂದಿದ್ದರು.

“ಯಾರು ನಮ್ಮ ಮಂದಿ ಅಂತ ನೀ ಕೇಳಲಿಲ್ಲ,” ಎಂದರು ಉಮಾಕಾಂತರು.

“ಇಲ್ಲ,” ಎಂದರು ಶಾಂತಾ. “ಕೇಳಿದ್ರ ಹೇಳತಿದ್ದ. ಅದಕ್ಕ ಕೇಳಲಿಲ್ಲ.”

ಚಹಾ ಆರಿಹೋಯಿತು. ಮುಂದೇನು ಮಾಡಬೇಕೆಂದು ಮೂವರಿಗೂ ಗೊತ್ತಿತ್ತು. ಕುರ್ಜಿಭಾಯಿಗೆ ಬರಿಯ ಸಾರಿ ಅಂದರೆ ಸಾಲದು. ಬಾಯಿಬಿಟ್ಟು ಹೇಳಬೇಕಾದ ಮಾತು ಬೇರೆ ಇತ್ತು. ಹರೆಯದಿಂದ ಇಲ್ಲಿಯ ತನಕ ಮುಚ್ಚಿಟ್ಟದ್ದನ್ನು ಬೀದಿಯಲ್ಲಿ ಬಿಚ್ಚಬೇಕಿತ್ತು.

ಮರುದಿನ ನಿಶ್ಚಿತಾ ಶಾಲೆಯಿಂದ ಮಂಥನ್‌ನನ್ನು ಕರೆದುಕೊಂಡು, ಹಿಂದೆ ಟೀಚರನ್ನು ಕೂರಿಸಿಕೊಂಡು ಸ್ಕೂಟರನ್ನು ನೇರ ಮಹಿಧರಪುರಕ್ಕೆ ಬಿಟ್ಟಳು. ದಾರಿಯುದ್ದಕ್ಕೂ ಟೀಚರ್ ಅವಳ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆಯ ಗುರುತು ಮೂಡಿತ್ತು. ಆ ಬೀದಿಯಲ್ಲಿ ಅಂಗಡಿಗಿಂತ ಹೆಚ್ಚು ವ್ಯಾಪಾರ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ. ಮಡಿಸಿದ ಕಾಗದ ಬಿಚ್ಚಿ, ಸಾಸಿವೆಯಂಥ ವಜ್ರಗಳನ್ನು ಬೆರಳಲ್ಲಿ ಸರಿಸುತ್ತ ಗಂಡಸರು ಗುಂಪುಗುಂಪಾಗಿ ನಿಂತಿದ್ದರು. ಹರೆಯದವರು ಬೆಲೆಯನ್ನು ಮೊಬೈಲಿನಲ್ಲಿ ಒತ್ತಿ ತೋರಿಸುತ್ತಿದ್ದರು. ಕುರ್ಜಿಭಾಯಿ ಚಹಾದಂಗಡಿಯ ಕಟ್ಟೆಯ ಮೇಲೆ ತಮ್ಮ ಓರಗೆಯವರ ನಡುವೆ ಕೂತಿದ್ದರು.

ಶಾಂತಾ ಅವರ ಮುಂದೆ ನಿಂತು ಗುಜರಾತಿಯಲ್ಲಿ ತಪ್ಪಾಯಿತು ಎಂದರು. ಕುರ್ಜಿಭಾಯಿ ಚಹಾದ ಬಸಿಯಿಂದ ಕಣ್ಣೆತ್ತದೆ, ಮೇಡಮ್ ಓದಿದವರು, ಓದಿದವರದು ಹೇಗೆ ತಪ್ಪಾಗುತ್ತದೆ ಎಂದರು. ಕಟ್ಟೆಯ ಮೇಲಿದ್ದವರು ಮುಗುಳ್ನಕ್ಕರು.

“ನನ್ನ ಅಪ್ಪನೂ ದಲಾಲ,” ಎಂದರು ಶಾಂತಾ. ಮೊದಲ ಸಲ ಪಕ್ಕದಲ್ಲಿದ್ದ ನಿಶ್ಚಿತಾಗಷ್ಟೇ ಕೇಳಿಸಿತು. ಎರಡನೆಯ ಸಲ ಇಡೀ ಕಟ್ಟೆಗೆ ಕೇಳಿಸಿತು. “ಎತ್ತು ಹೋರಿಗಳ ದಲಾಲ. ಬಟ್ಟೆಯ ಕೆಳಗೆ ಕೈ ಹಿಡಿದು ನನ್ನನ್ನು ಓದಿಸಿದ.”

“ಹಾಗಾದರೆ ಅವರಿಗೂ ಇದೇ ಪಾಠ ಹೇಳಿದಿರಾ?”

ಕುಟುಕು ತಾಗಬೇಕಾದಲ್ಲೇ ತಾಗಿತು. ಶಾಂತಾ ಸುತ್ತ ನೋಡಿ, ಮಂಥನ್‌ನ ಚೀಲದ ಬಾಯಿಂದ ಇಣುಕುತ್ತಿದ್ದ ಊಟದ ಡಬ್ಬಿಯ ವಸ್ತ್ರವನ್ನು ಎಳೆದುಕೊಂಡರು. ಹಸಿರು ಡೈನೋಸಾರುಗಳ ಚಿತ್ರವಿದ್ದ, ಮಾವಿನ ಉಪ್ಪಿನಕಾಯಿಯ ಎಣ್ಣೆ ಮೆತ್ತಿದ ಬಟ್ಟೆ. ಅದನ್ನು ಅಪ್ಪ ಕೊಡವುತ್ತಿದ್ದ ಹಾಗೇ ಒಮ್ಮೆ ಕೊಡವಿ, ಬಲಗೈಯ ಮೇಲೆ ಹಾಕಿ ಮುಂದೆ ಚಾಚಿದರು.

ಆ ಬೀದಿಯಲ್ಲಿ ಹೆಂಗಸೊಬ್ಬಳು ಹಾಗೆ ಕೈ ಚಾಚಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಹಾವೇರಿಯ ಮಾರುಕಟ್ಟೆಯಲ್ಲೂ ಯಾರೂ ಕಂಡಿರಲಾರರು. ಕುರ್ಜಿಭಾಯಿ ಆ ಕೈಯನ್ನು ನೋಡಿದರು, ಡೈನೋಸಾರುಗಳನ್ನು ನೋಡಿದರು. ಬಸಿ ಕೆಳಗಿಟ್ಟು ಎದ್ದು, ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಟ್ಟೆಯೊಳಗಿಟ್ಟರು.

ಮಂಥನ್ ಬಗ್ಗಿ ಇಣುಕಹೋದ. ನಿಶ್ಚಿತಾ ಅವನ ಕಾಲರ್ ಹಿಡಿದು ಎಳೆದುಕೊಂಡಳು. ಡೈನೋಸಾರುಗಳು ಮೆಲ್ಲಗೆ ಅಲುಗಾಡಿದವು. ಟೀಚರ್ ಮುಖದಲ್ಲಿ ಅವಳು ಎಂದೂ ಕಾಣದ ಒಂದು ಗಾಂಭೀರ್ಯವಿತ್ತು, ಕಣ್ಣು ಎದುರಿನವರ ಕಣ್ಣಿನಲ್ಲಿ ನೆಟ್ಟಿತ್ತು. ಕಳ್ಳಬೆಕ್ಕಿನ ಮುಖ ಎಲ್ಲಿಯೂ ಇರಲಿಲ್ಲ. ಕುರ್ಜಿಭಾಯಿ ತಲೆಯಾಡಿಸಿ ಇಲ್ಲ ಎಂದರು. ಮತ್ತೆ ಬೆರಳು. ಒಮ್ಮೆ ಹುಬ್ಬು ಗಂಟಿಕ್ಕಿ, ಇದೆಷ್ಟು ಎಂದು ಬಾಯಲ್ಲೇ ಕೇಳಿಬಿಟ್ಟರು. ನಮ್ಮಲ್ಲಿ ಆರಕ್ಕೆ ಹೀಗೇ ಹಿಡಿಯುತ್ತಾರೆ ಎಂದರು ಶಾಂತಾ. ಐದರವರೆಗೆ ಹಾವೇರಿಯೂ ಸೂರತ್ತೂ ಒಂದೇ ಆಗಿತ್ತು, ಆರಕ್ಕೆ ದಾರಿ ಕವಲೊಡೆದಿತ್ತು. ಕುರ್ಜಿಭಾಯಿ ತಮ್ಮ ಆರನ್ನು ಅವರ ಕೈಗೆ ಕಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ಕೈ ಬಿಟ್ಟರು.

“ಪಕ್ಕಾ,” ಎಂದರು ಕುರ್ಜಿಭಾಯಿ. ಕಟ್ಟೆಯವರು ಸರಿದು ಟೀಚರಿಗೆ ಕೂರಲು ಜಾಗ ಮಾಡಿದರು. ಚಹಾ ಬಂತು, ಮಂಥನ್‌ಗೆ ಖಾರಿ ಬಿಸ್ಕತ್ತು ಬಂತು.

ಅವರು ಕುದುರಿಸಿದ್ದು ಕ್ಲಾಸಿನ ಫೀಸೆಂದು ನಿಶ್ಚಿತಾ ಊಹಿಸಿದಳು. ಅದು ಏರಿತೋ ಇಳಿಯಿತೋ ಗೊತ್ತಿಲ್ಲ. ವಾಪಸು ಬರುವಾಗ ಮಂಥನ್ ಎಷ್ಟು ಕಾಡಿದರೂ ಟೀಚರ್ ಬಾಯಿಬಿಡಲಿಲ್ಲ. ಅದೊಂದು ಮಾತನ್ನು ಅವರು ಉಮಾಕಾಂತರಿಗೂ ಹೇಳಿಲ್ಲ.

ಸೋಮವಾರ ಜಮಖಾನೆ ಸಾಲದೆ ನಿಶ್ಚಿತಾಳ ಮನೆಯಿಂದ ಚಾಪೆ ಹೋಯಿತು. ಟೀಚರ್ ಅದೇ ಟವೆಲ್ ಎತ್ತಿಕೊಂಡು, ಹಿಂದಿನ ವಾರ ತಾನು ಹೇಳಿದ್ದು ತಪ್ಪು ಎಂದು ಶುರು ಮಾಡಿದರು. ಅಪ್ಪ ಹೇಳುತ್ತಿದ್ದ ಮಾತನ್ನು ಹೇಳಿದರು. ಒಬ್ಬನ ಎತ್ತು ಎಷ್ಟಕ್ಕೆ ಹೋಯಿತೆಂದು ಸಂತೆಗೆಲ್ಲ ತಿಳಿದರೆ, ಪಕ್ಕದವನ ಎತ್ತನ್ನು ಅದಕ್ಕಿಂತ ಕಡಿಮೆಗೇ ಕೇಳುತ್ತಾರೆ. ಅವಸರದಲ್ಲಿ ಮಾರಿದವನು ಊರಿನವರ ಮುಂದೆ ಸಣ್ಣವನಾಗುತ್ತಾನೆ. ಬಟ್ಟೆ ಅವನ ಮಾನ ಮುಚ್ಚುವುದಕ್ಕೆ. ಅದರ ಕೆಳಗೆ ಮೋಸ ಮಾಡುವವರೂ ಇದ್ದರು, ಇಲ್ಲವೆಂದಲ್ಲ. ಅಂಥವರು ಕೈ ಚಾಚಿದರೆ ಅಪ್ಪ ಟವೆಲ್ಲನ್ನು ಹೆಗಲಿನಿಂದ ಇಳಿಸುತ್ತಲೇ ಇರಲಿಲ್ಲ. ಮುಚ್ಚಿದ್ದೆಲ್ಲ ಕಳ್ಳತನವಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿದರು. ವಿದೇಶದವರು ಆ ಕರವಸ್ತ್ರ ನೋಡಿ ಮುಖ ಸಿಂಡರಿಸಿದರೆ ಏನನ್ನಬೇಕೆಂಬುದನ್ನು ಇಂಗ್ಲಿಷಿನಲ್ಲಿ ಎಲ್ಲರಿಂದ ಹೇಳಿಸಿದರು. ಕುರ್ಜಿಭಾಯಿ ಅದನ್ನು ಎದ್ದು ನಿಂತು ಹೇಳಿದರು, ತಡವರಿಸುತ್ತ, ಆದರೆ ತಲೆಯೆತ್ತಿ. ಹಿಂದಿನ ಸಾಲಿನಲ್ಲಿ ಕೂತ ನಿಶ್ಚಿತಾಗೆ, ಈ ಊರಿನಲ್ಲಿ ಇಂಥವರೊಬ್ಬರು ತನ್ನ ಭಾಷೆಯವರು ಎಂಬುದಕ್ಕೆ ಎದೆ ತುಂಬಿ ಬಂತು.

ದೀಪಾವಳಿಯ ರಜೆಗೆ ಅವಳು ಮಗನೊಂದಿಗೆ ಊರಿಗೆ ಹೊರಟಳು. ವಿದೇಶದವರ ಮುಂದೆ ಹೇಗೋ ಏನೋ ಎಂದು ಕುರ್ಜಿಭಾಯಿ ಇನ್ನೂ ದಿನಾ ಬಂದು ಆ ಮಾತು ಗಟ್ಟು ಮಾಡುತ್ತಿದ್ದರು. ಸೂಟ್‌ಕೇಸು ಲಿಫ್ಟಿನಿಂದ ಇಳಿದಾಗ ಟೀಚರ್ ಬಾಗಿಲಲ್ಲಿ ಕಾದಿದ್ದರು, ದಾರಿಗೆಂದು ಥೇಪ್ಲಾ ರೊಟ್ಟಿಯ ಪೊಟ್ಟಣ ಹಿಡಿದು. ಅದನ್ನು ಚೀಲದಲ್ಲಿ ತುರುಕಿ, ಮಂಥನ್‌ನ ತಲೆ ನೇವರಿಸಿ, ಒಂದು ಉಪಕಾರ ಆಗಬೇಕಿತ್ತಲ್ರಿ ಎಂದರು.

“ನಿಮ್ಮೂರಿಂದ ಹಾವೇರಿ ದೂರಿಲ್ಲ. ಒಂದಿನ ಹೋಗಿ ಬರ್ರಿ. ದನದ ಮಾರ್ಕೆಟ್ ಮುಂದ ಟವೆಲ್ ಮಾರೋರು ಕುಂತಿರ್ತಾರ. ದೊಡ್ಡದು, ಬಿಳಿದು, ಕೆಂಪಂಚಿಂದು ತರ್ರಿ. ಹೆಣ್ಮಗಳು ಇದನ್ಯಾಕ ಒಯ್ತಾಳ, ಯಾರಿಗ್ರಿ ಅಂತ ಕೇಳೇ ಕೇಳ್ತಾರ. ದಲ್ಲಾಳಿ ಫಕ್ಕೀರಪ್ಪನ ಮಗಳಿಗೆ ಅಂತ ಹೇಳ್ರಿ. ರೇಟು ಬೇಕಾದ್ರ ಮೆಲ್ಲಗ ಕೇಳ್ರಿ. ಆ ಹೆಸರು ಮಾತ್ರ ಜೋರಾಗಿ ಹೇಳ್ರಿ.”